ಕೊಕ್ಕರೆಗೂ ಪಾಲು ಹಾಕಿದ ಅಣ್ಣತಮ್ಮಂದಿರು

ಮೊದಲು ಕಾಲು ಕಂಬಳಿ ಒಳಗೆ ಇಟ್ಕೊ, ಆಮೇಲೆ ಕತೆ. ಹೂಂಗುಟ್ಟಬೇಕು ನೋಡು. ನೀನು ಹೂಂ ಅನ್ನೋದು ನಿಲ್ಲಿಸಿದ್ರೆ ನಾನೂ ನಿಲ್ಲಿಸಿ ಗೋಡೆ ಕಡೆ ತಿರುಗಿ ಮಲಕೊಂಡುಬಿಡ್ತೀನಿ. ನಿನ್ನೆ ಹಂಗೇ ಆಯ್ತು, ನೀನು ಗೊರಕೆ ಹೊಡೀತಾ ಇದ್ದೆ, ನಾನೊಬ್ಬಳೇ ಸೂರಿಗೆ ಕತೆ ಹೇಳ್ಕೊಂಡು ಕೂತಿದ್ದೆ.

ಒಂದಾನೊಂದು ಕಾಲದಲ್ಲಿ, ಯಾವ ಕಾಲ ಅಂತ ಮಾತ್ರ ಕೇಳಬೇಡ, ಈ ಕತೆ ನನಗೆ ಹೇಳಿದ ನಮ್ಮಜ್ಜಿಗೂ ಅದು ಗೊತ್ತಿರಲಿಲ್ಲ, ಒಂದು ಊರಿತ್ತಂತೆ. ಊರ ಮೇಲುಗಡೆ ಒಂದು ಕೆರೆ, ಕೆರೆ ಏರಿ ಕೆಳಗೆ ಗದ್ದೆ ಬಯಲು, ಏರಿ ಪಕ್ಕಕ್ಕೆ ಮೂರು ಹುಣಸೆಮರ, ನಾಲ್ಕಾಳು ಕೈ ಕೈ ಹಿಡ್ಕೊಂಡು ಸುತ್ತ ನಿಲ್ಲಬೇಕು ಅಂಥ ಮರಗಳು. ಪ್ರತಿ ವರ್ಷ ಸಂಕ್ರಾಂತಿ ಕಳೀತು ಅಂದ್ರೆ ಎಲ್ಲಿಂದಲೋ ಕೊಕ್ಕರೆಗಳು ಹಾರಿ ಬಂದು, ಆ ಮರಗಳ ಮೇಲೆ ಕಡ್ಡಿ ಜೋಡಿಸಿ ಗೂಡು ಕಟ್ಟಿ, ಮೊಟ್ಟೆ ಇಟ್ಟು, ಮರಿ ಮಾಡಿ, ಮುಂಗಾರು ಬೀಳೋ ಹೊತ್ತಿಗೆ ಮರಿಗಳನ್ನೂ ಕಟ್ಕೊಂಡು ಹೊರಟು ಹೋಗ್ತಿದ್ದವಂತೆ. ಆ ಊರಿನವರು ಅವನ್ನ ಬರೀ ಹಕ್ಕಿ ಅಂತ ನೋಡ್ತಿರಲಿಲ್ಲ. ಮದುವೆ ಮಾಡಿ ಕೊಟ್ಟ ಹೆಣ್ಣುಮಕ್ಕಳು ಬಾಣಂತನಕ್ಕೆ ತವರಿಗೆ ಬಂದವ್ರೆ ಅಂತಿದ್ದರಂತೆ. ಮರಿಯೊಂದು ಗೂಡಿಂದ ಬಿದ್ರೆ ಯಾರಾದರೂ ಎತ್ಕೊಂಡು ಹೋಗಿ, ಕುಕ್ಕೆ ಕೆಳಗಿಟ್ಟು, ಕೆರೆಯಿಂದ ಚಿಳ್ಳೆಪಿಳ್ಳೆ ಮೀನು ಹಿಡಿದು ತಂದು ತಿನ್ನಿಸಿ ಸಾಕ್ತಿದ್ದರಂತೆ.

ಇನ್ನು ಗೂಡಿನ ಕೆಳಗೆ ಬೀಳೋ ಹಿಕ್ಕೆ. ಏಯ್, ನಗಬೇಡ! ಹಿಕ್ಕೆ ಅಂದ ತಕ್ಷಣ ಕಿಸಿಕಿಸಿ ಅಂತೀಯ. ಆ ಊರಿನವರಿಗೆ ಅದೇ ಚಿನ್ನದಂಥ ಗೊಬ್ಬರ ಕಣೆ. ಒಂದೊಂದು ಮರದ ಬುಡದಲ್ಲೂ ಅಗಲಕ್ಕೆ ಒಂದು ಗುಂಡಿ ತೆಗೆದು, ಅದಕ್ಕೆ ಕೆರೆ ತಳದ ಹೂಳು, ಅದೇ ಗೋಡುಮಣ್ಣು, ಹರವಿ ಬಿಟ್ಟುಬಿಡೋರಂತೆ. ಬೇಸಿಗೆಯೆಲ್ಲ ಹಿಕ್ಕೆ ಅದರ ಮೇಲೆ ಬಿದ್ದು ಬಿದ್ದು, ಮಳೆಗೆ ಮುಂಚೆ ತೆಗೆದು ಗದ್ದೆಗೆ ಹಾಕಿದರೆ, ಪೈರು ಕರ್ರಗೆ ಏಳೋದಂತೆ.

ಆ ಕೆರೆ, ಆ ಗದ್ದೆ, ಆ ಮರ ಮೂರೂ ಒಂದೇ ಮನೆಯವರದ್ದು. ಯಾವನೋ ರಾಜ ಅವರ ತಾತನ ತಾತನಿಗೆ ಉಂಬಳಿ ಬಿಟ್ಟಿದ್ದನಂತೆ. ಆ ಮನೆ ಯಜಮಾನ ಕೆಂಚಯ್ಯನಿಗೆ ಮೂರು ಗಂಡುಮಕ್ಕಳು. ದೊಡ್ಡವನು ಮೊಗಣ್ಣ, ಗಟ್ಟಿ ಗಂಟಲಿನವನು, ಕೂಗಿದರೆ ಆಚೆ ಊರಿಗೆ ಕೇಳಬೇಕು. ನಡುವಿನವನು ನಿಂಗಯ್ಯ, ಮಹಾ ಅಂಜುಬುರುಕ. ಕಿರಿಯವನು ಜವರ, ಪಾಪ, ಹೇಳಿದ್ದಕ್ಕೆಲ್ಲ ತಲೆ ಆಡಿಸೋನು. ಜವರನ ಹೆಂಡತಿ ದ್ಯಾವಿ. ಈ ಕತೆ ಅವಳದ್ದೇ. ಕೈಯೂ ಚುರುಕು, ಬಾಯಿ ಅದಕ್ಕಿಂತ ಚುರುಕು. ಥೇಟ್ ನಿಮ್ಮ ಚಿಕ್ಕಮ್ಮ.

ಕೆಂಚಯ್ಯ ಇರೋವರೆಗೂ ಎಲ್ಲ ಚೆನ್ನಾಗಿತ್ತು. ಆಮೇಲೆ ಅವನು ತೀರ್ಕೊಂಡ, ತಿಥಿ ಊಟದ ಎಲೆ ಎತ್ತೋದರೊಳಗೆ ಮನೆಯಲ್ಲಿ ಜಗಳ ಸುರು ಆಯ್ತಂತೆ. ಯಾತಕ್ಕೆ ಅಂತ ಕೇಳು. ಯಾವ ದೊಡ್ಡ ವಿಷಯಕ್ಕೂ ಅಲ್ಲ, ಒಲೆ ಮುಂದೆ ಯಾರು ಮೊದಲು ಕೂರಬೇಕು ಅನ್ನೋದಕ್ಕೆ. ಅದು ಬೆಳೆದು ಬೆಳೆದು ಪಾಲಾಗೋಣ ಅನ್ನೋಲ್ಲಿಗೆ ಬಂತು. ಊರ ಪಟೇಲನ್ನ ಕರೆಸಿದರು. ಪಟೇಲ ಮನೆಯೊಳಗಿನ ಸಾಮಾನು ಎಲ್ಲ ಹೊರಗೆ ಹಾಕಿಸಿ ಹಂಚಿದನಂತೆ. ಹಂಚಿದ್ದು ಹೆಂಗೆ? ರುಬ್ಬೋ ಒರಳು ದೊಡ್ಡವನಿಗೆ, ಅದರ ಗುಂಡು ನಡುವಿನವನಿಗೆ, ಗುಂಡು ಎತ್ತಿಡೋ ಮಣೆ ಕಿರಿಯವನಿಗೆ! ಊರಿನವರು ಸೆರಗು ಬಾಯಿಗೆ ಇಟ್ಕೊಂಡು ನಕ್ಕರೂ ಅಣ್ಣತಮ್ಮಂದಿರಿಗೆ ನಾಚಿಕೆ ಆಗಲಿಲ್ಲವಂತೆ.

ಆಮೇಲೆ ಆಸ್ತಿ. ಪಟೇಲ ಮೂರು ಕುಕ್ಕೆ ಬೋರಲು ಹಾಕಿ, ಒಂದರ ಕೆಳಗೆ ಮೀನು, ಒಂದರ ಕೆಳಗೆ ಭತ್ತದ ತೆನೆ, ಒಂದರ ಕೆಳಗೆ ಹುಣಸೆಹಣ್ಣು ಇಟ್ಟು, ಎತ್ಕೊಳ್ರಪ್ಪ ಅಂದ. ಮೊಗಣ್ಣನಿಗೆ ಮೀನು ಬಂತು, ಅಂದ್ರೆ ಕೆರೆ ಅವನದ್ದು. ನಿಂಗಯ್ಯನಿಗೆ ಗದ್ದೆ. ಜವರನಿಗೆ ಮೂರು ಹುಣಸೆಮರ. ಕೆರೆಯವನು ಮೀನು ತಿಂದಾನು, ಗದ್ದೆಯವನು ಅನ್ನ ಉಂಡಾನು, ಹುಣಸೆಹಣ್ಣು ಚೀಪಿಕೊಂಡು ನಾವು ಎಷ್ಟು ದಿನ ಬದುಕೋದು ಅಂತ ದ್ಯಾವಿ ಗಂಡನನ್ನ ಕೇಳಿದರೆ, ಅವನು ಹೂಂ ಹೂಂ ಅಂತ ತಲೆ ಆಡಿಸಿದನಂತೆ.

ಹೂಂ ಅನ್ನು ಅಂದ್ರೆ ನೀನಲ್ಲವಾ ಅನ್ನಬೇಕಾದ್ದು? ಹಾಂ, ಹಂಗೆ.

ಸರಿ, ಆ ವರ್ಷ ಸಂಕ್ರಾಂತಿ ಆಯ್ತು, ಕೊಕ್ಕರೆ ಬಂದವು, ಗೂಡು ಕಟ್ಟಿದವು. ಗಂಡುಕೊಕ್ಕರೆ ಕೆರೆಗೆ ಹೋಗಿ ಕಾಲೆತ್ತಿ ಕಾಲಿಟ್ಟು ನಡೆದು, ಲಬಕ್ ಅಂತ ಕೊಕ್ಕು ಹಾಕಿ, ನುಂಗಿ, ಮರಕ್ಕೆ ಬಂದು ಹೆಂಡ್ತಿ ಮಕ್ಕಳಿಗೆ ಕಕ್ಕಿ ಕೊಡೋದು. ಮೊಗಣ್ಣ ಏರಿ ಮೇಲೆ ಕೂತು ಇದನ್ನ ನೋಡಿದ. ಅಪ್ಪ ಇದ್ದಾಗ ದಿನಾ ನೋಡ್ತಿದ್ದ, ಆಗ ಏನೂ ಅನ್ನಿಸಿರಲಿಲ್ಲ. ಈಗ ಕೆರೆ ತನ್ನದಲ್ಲವಾ? ಕೂತಿರೋದು ತಮ್ಮನ ಮರದಲ್ಲಿ, ತಿನ್ನೋದು ನನ್ನ ಮೀನು, ಇದು ಯಾವ ನ್ಯಾಯ ಅಂತ ತಮಟೆ ತಂದು ಬಡಿಯೋಕೆ ಹತ್ತಿದ. ಅವನ ಹೆಂಡತಿ ಸಾಕಮ್ಮ ಇನ್ನೊಂದು ದಡದಲ್ಲಿ ತಗಡು ಬಡಿಯೋಳಂತೆ. ಬೆಳಗಿಂದ ಬೈಗಿನವರೆಗೂ ಡಂಡಂ ಡಂಡಂ. ಕೊಕ್ಕರೆಗಳು ಇಳಿಯೋದು, ಬೆದರೋದು, ಏಳೋದು.

ದ್ಯಾವಿ ಹೋಗಿ ಭಾವ, ಬಾಣಂತಿಯರ ಹೊಟ್ಟೆ ಮೇಲೆ ಹೊಡೀಬೇಡಿ, ಮರಿಗಳು ಬಾಯಿ ಬಿಟ್ಕೊಂಡು ಕೂತವ್ರೆ ಅಂದಳು. ಮೊಗಣ್ಣ, ಬಾಣಂತಿ ಕೂತಿರೋದು ನಿನ್ನ ಮನೇಲಿ ಕಣವ್ವ, ಪಥ್ಯದ ಅನ್ನ ನೀನೇ ಇಕ್ಕು ಅಂದುಬಿಟ್ಟ. ಪಾಪ, ಕೊಕ್ಕರೆಗಳು ದೂರದ ಕೆರೆಗಳಿಗೆ ಹೋಗಿ ತಂದು ಹಾಕಿ, ಅರ್ಧ ಮರಿ ಬದುಕಿದವು, ಅರ್ಧ ಸತ್ತವು. ಬೆಳಗಾದರೆ ಸತ್ತ ಮರಿಗಳನ್ನ ಮೊರದಲ್ಲಿ ಎತ್ತಿ ಹಾಕೋದು ದ್ಯಾವಿ ಪಾಲಿಗೆ ಬಂತು. ಅವಳು ಅತ್ತುಬಿಟ್ಟಳಂತೆ.

ಅತ್ತಳು ಅಂತ ಅವಳೇನು ಸಾಚಾ ಅಂದ್ಕೋಬೇಡ. ಅವಳೂ ಒಂದು ಮಾಡಿದಳು. ಮುಂಗಾರಿಗೆ ಮುಂಚೆ ನಿಂಗಯ್ಯ ಪ್ರತಿ ವರ್ಷದ ಹಂಗೆ ಮಂಕರಿ ತಗೊಂಡು ಮರದ ಬುಡಕ್ಕೆ ಬಂದನಲ್ಲ, ಅಷ್ಟು ಹೊತ್ತಿಗೆ ದ್ಯಾವಿ ಸುತ್ತ ಮುಳ್ಳುಬೇಲಿ ಜಡಿದು ನಿಂತಿದ್ದಳು. ಮರ ನಮ್ಮದು, ಮರದಿಂದ ಬಿದ್ದಿದ್ದೂ ನಮ್ಮದು, ಗೊಬ್ಬರ ಬೇಕಾದ್ರೆ ಭತ್ತ ಅಳೆದು ಕೊಡಿ ಭಾವ ಅಂದಳು. ನಿಂಗಯ್ಯನಿಗೆ ಅವಮಾನ ಆಗಿ, ಹಕ್ಕಿ ಹಿಕ್ಕೆಗೆ ಭತ್ತ ಅಳೆಯೋ ಗತಿ ನನಗೆ ಬಂದಿಲ್ಲ, ನೀನೇ ಇಟ್ಕೊ, ಉಪ್ಪಿನಕಾಯಿ ಹಾಕ್ಕೊ ಅಂತ ಖಾಲಿ ಮಂಕರಿ ಹೊತ್ಕೊಂಡು ಹೋದನಂತೆ. ಗೊಬ್ಬರ ಗುಂಡಿಯಲ್ಲೇ ಉಳೀತು. ಗದ್ದೆ ಬರಿಗೈಯಲ್ಲಿ ಉಳೀತು.

ಆಮೇಲೆ ನಿಂಗಯ್ಯ ಏನು ಮಾಡಿದ? ಅವನ ಹಸು ಹಾಲು ಕಮ್ಮಿ ಮಾಡಿತ್ತಂತೆ. ಗದ್ದೆ ಬದುವಿನ ಮೇಲೆ ಕೇರೆ ಹಾವುಗಳು ಓಡಾಡ್ತಿದ್ದವಲ್ಲ, ಅವೇ ಬಂದು ಹಸುವಿನ ಹಿಂಗಾಲಿಗೆ ಸುತ್ಕೊಂಡು ಕೆಚ್ಚಲಿಗೆ ಬಾಯಿ ಹಾಕ್ತವೆ ಅಂತ ಯಾರೋ ಅವನ ಕಿವಿ ಊದಿದರು. ಮೊದಲೇ ಅಂಜುಬುರುಕ. ದೊಣ್ಣೆ ತಗೊಂಡು ಕಂಡಕಂಡ ಕೇರೆ ಹಾವನ್ನೆಲ್ಲ ಹೊಡೆದು ಹಾಕಿದ, ಬಿಲಕ್ಕೆ ಹೊಗೆ ಹಾಕಿದ. ಕೇರೆ ಹಾವು ಕಚ್ಚಿದರೂ ವಿಷ ಇಲ್ಲ ಮಗಾ, ಅದರ ಪಾಡಿಗೆ ಅದು ಇಲಿ ಹಿಡ್ಕೊಂಡು ಇರುತ್ತೆ. ಅದಕ್ಕೆ ಹಾಲು ಯಾಕೆ ಬೇಕು? ಅದೇನು ನಿನ್ನ ಹಂಗೆ ಬೆಲ್ಲ ಹಾಕಿ ಕೊಡಿ ಅಂತ ಕೇಳುತ್ತಾ?

ಹಿಂಗೆ ಮೂರು ಜನ ಮೂರು ಘನಂದಾರಿ ಕೆಲಸ ಮಾಡಿ, ನನ್ನ ಪಾಲು ನಾನು ಕಾಪಾಡಿಕೊಂಡೆ ಅಂತ ಆ ವರ್ಷ ನೆಮ್ಮದಿಯಾಗಿ ಮಲಗಿದರಂತೆ.

ಮಾರನೇ ವರ್ಷ ಸಂಕ್ರಾಂತಿ ಬಂತು. ಎಳ್ಳು ಬೀರಿದರು. ಕೊಕ್ಕರೆ ಬರಲಿಲ್ಲ. ದ್ಯಾವಿ ದಿನಾ ಬೆಳಗ್ಗೆ ಎದ್ದು ಆಕಾಶ ನೋಡೋಳು, ಬರೀ ಕಾಗೆ. ಊರ ಹೆಂಗಸರು ಬಾವಿ ಕಟ್ಟೆ ಹತ್ರ, ತವರಲ್ಲಿ ತಗಡು ಬಡಿದು ಓಡಿಸಿದರೆ ಯಾವ ಮಗಳು ತಾನೇ ಬಂದಾಳು ಅಂತ ಮಾತಾಡಿಕೊಂಡರಂತೆ. ಮೊಗಣ್ಣ ಮಾತ್ರ ಮೀಸೆ ತಿರುವಿಕೊಂಡು, ಈ ಸಲ ಬಲೆ ಎತ್ತೋಕೆ ಆಳು ಬೇಕು ನೋಡಿ, ಅಷ್ಟು ಮೀನು ಬೀಳುತ್ತೆ ಅಂತ ಹೇಳ್ಕೊಂಡು ಓಡಾಡಿದ.

ಬಲೆ ಹಾಕಿದ. ಬಿದ್ದಿದ್ದು ಏನು? ಬಲೆ ತುಂಬ ಏಡಿ! ಮೀನು ಬೆರಳೆಣಿಕೆ. ಕೆರೆ ನೀರು ಬೇರೆ ದಿನದಿನಕ್ಕೆ ಇಳೀತಾ ಇತ್ತು, ಮಳೆ ಚೆನ್ನಾಗೇ ಆಗಿತ್ತು, ಆದರೂ ಇಳೀತಾ ಇತ್ತು. ಕೆಳಗೆ ನಿಂಗಯ್ಯನ ಗದ್ದೆಯಲ್ಲಿ ಇನ್ನೊಂದು ಗೋಳು. ಬೆಳಗ್ಗೆ ನೀರು ಕಟ್ಟಿದರೆ ಮಧ್ಯಾಹ್ನಕ್ಕೆ ಒಂದು ಗದ್ದೇಲೂ ನೀರಿಲ್ಲ. ಗೊಬ್ಬರ ಇಲ್ಲದೆ ಬೇಸಿಗೆ ಪೈರು ಮೊದಲೇ ಹಳದಿ, ಅದರ ಮೇಲೆ ಬುಡ ಬುಡ ಯಾರೋ ಕತ್ತರಿ ಹಾಕಿ ಕತ್ತರಿಸಿದ ಹಂಗೆ ಬಿದ್ದಿರೋದು. ನಿಂಗಯ್ಯ, ಅಣ್ಣ ನೀರು ಬಿಡ್ತಾ ಇಲ್ಲ ಅಂದ. ಮೊಗಣ್ಣ, ತಮ್ಮ ಕದ್ದು ನೀರು ಬಿಟ್ಕೊಳ್ತಾ ಅವ್ನೆ, ಅದಕ್ಕೇ ಕೆರೆ ಇಳೀತಾ ಐತೆ ಅಂದ. ಇಬ್ಬರೂ ಕೈ ಕೈ ಮಿಲಾಯಿಸೋ ಹಂಗಾದರು. ಆಮೇಲೆ ಇಬ್ಬರಿಗೂ ಸೇರಿ ಬೈಯೋಕೆ ಮೂರನೆಯವನು ಒಬ್ಬ ಇದ್ದಾನಲ್ಲ ಅಂತ ಹೊಳೀತು.

ಇಬ್ಬರೂ ಪಟೇಲನ ಹತ್ರ ಹೋದರು. ಏರಿ ಸೋರ್ತಾ ಐತೆ, ಆ ಹುಣಸೆ ಬೇರೇ ಏರಿ ಒಳಗೆ ನುಗ್ಗಿ ಸೀಳಿ ಹಾಕಿರಬೇಕು, ಮರ ಮೂರೂ ಕಡಿಸಿ, ಆ ದಿಮ್ಮಿಗಳನ್ನೇ ಏರಿಗೆ ಜಡಿದು ಮಣ್ಣು ತುಂಬಿದರೆ ನೀರು ನಿಲ್ಲುತ್ತೆ, ಹಕ್ಕಿ ಹೆಂಗೂ ಬರಲಿಲ್ಲ, ಇನ್ನು ಆ ಮರ ಇದ್ದು ಯಾರಿಗೆ ಉಪಕಾರ ಅಂದರು. ಪಟೇಲನಿಗೂ ಸರಿ ಅನ್ನಿಸಿತು. ಏರಿ ಒಡೆದರೆ ಊರೇ ಕೊಚ್ಕೊಂಡು ಹೋಗುತ್ತಲ್ಲ.

ಜವರ ತಲೆ ಆಡಿಸಿಬಿಡ್ತಿದ್ದನೋ ಏನೋ. ದ್ಯಾವಿ ಅವನ ಪಂಚೆ ಹಿಡಿದು ಹಿಂದಕ್ಕೆ ಎಳೆದು ತಾನು ಮುಂದಕ್ಕೆ ಬಂದಳಂತೆ. ಮರ ಹೋದರೆ ನಾವು ಊರು ಬಿಡಬೇಕು ಪಟೇಲರೇ, ಇನ್ನೊಬ್ಬರ ಹಟ್ಟಿ ಬಾಗಿಲಲ್ಲಿ ಜೀತಕ್ಕೆ ನಿಲ್ಲಬೇಕು. ನನ್ನ ಹೊಟ್ಟೆ ಪಾಡು ಒಂದೇ ಅಲ್ಲ. ಈ ವರ್ಷ ಹಾದಿ ತಪ್ಪಿದ ಹಕ್ಕಿ ಮುಂದಿನ ವರ್ಷ ಬಂದರೆ ಎಲ್ಲಿ ಕೂರಬೇಕು? ಬೇರು ಏರಿ ಸೀಳಿರೋದನ್ನ ನೀವು ಯಾರಾದರೂ ಕಣ್ಣಾರೆ ಕಂಡ್ರಾ ಅಂತ ಕೇಳಿದಳು.

ಯಾರೂ ಕಂಡಿರಲಿಲ್ಲ. ಪಟೇಲ, ಹಂಗಾದ್ರೆ ನೀನೇ ಹೇಳವ್ವ ಅಂದ. ನೀರು ಎಲ್ಲಿ ಹೋಗ್ತಾ ಐತೆ, ಒಂದು. ತೂತು ಮಾಡಿದೋರು ಯಾರು, ಎರಡು. ಅವರನ್ನ ಹದ್ದುಬಸ್ತಿನಲ್ಲಿ ಇಡೋರು ಯಾರು, ಮೂರು. ಶಿವರಾತ್ರಿ ಒಳಗೆ ಮೂರನ್ನೂ ತೋರಿಸಿದರೆ ಮರ ಉಳೀತು. ಇಲ್ಲ ಅಂದ್ರೆ ಶಿವರಾತ್ರಿ ಮಾರನೇ ದಿನ ಕೊಡಲಿ ಬೀಳುತ್ತೆ, ಆಗ ಅಡ್ಡ ಬರಬಾರದು. ದ್ಯಾವಿ ಎಲ್ಲರ ಮುಂದೆ ಆಗಲಿ ಅಂತ ಮಾತು ಕೊಟ್ಟಳು. ಮನೆಗೆ ಬಂದವಳೇ ಶಿವರಾತ್ರಿಗೆ ಎಷ್ಟು ದಿನ ಐತೆ ಅಂತ ಬೆರಳು ಮಡಿಸಿ ಎಣಿಸಿದಳಂತೆ. ಮಾತು ಕೊಡೋವಾಗ ಯಾರೂ ಎಣಿಸಲ್ಲ ಮಗಾ, ಕೊಟ್ಟ ಮೇಲೆ ಎಣಿಸೋದು.

ಮೊದಲನೆಯದು ಅಷ್ಟು ಕಷ್ಟ ಆಗಲಿಲ್ಲ. ರಾಗಿ ಹೊಟ್ಟು ಒಂದು ಮೊರ ತಗೊಂಡು ಹೋಗಿ ಕೆರೆ ಒಳಗೆ ಏರಿ ಉದ್ದಕ್ಕೂ ಚೆಲ್ಲಿದಳು. ಹೊಟ್ಟು ಸುಮ್ಮನೆ ತೇಲಬೇಕು ತಾನೇ? ಕೆಲವು ಕಡೆ ಅದು ಗಿರ್ರ್ ಅಂತ ಸುತ್ತಿ ಒಳಕ್ಕೆ ಹೋಯ್ತಂತೆ. ಓಡಿ ಏರಿ ಆಚೆ ಇಳಿದು ನೋಡಿದರೆ, ಹುಲ್ಲಿನ ಸಂದಿಯಿಂದ ಜಿನುಗೋ ನೀರಲ್ಲಿ ಅದೇ ಹೊಟ್ಟು. ಮರ ಇರೋ ಕಡೆ ಒಂದು ಹನೀನೂ ಇಲ್ಲ, ಮರ ಇಲ್ಲದ ಕಡೆಯೇ ಸೋರ್ತಾ ಇತ್ತು. ಬೇರು ಮಣ್ಣನ್ನ ಅಲ್ಲಿ ಬಿಗಿಯಾಗಿ ಹಿಡ್ಕೊಂಡಿತ್ತಲ್ಲ. ಪಟೇಲನ್ನ ಕರ್ಕೊಂಡು ಹೋಗಿ ತೋರಿಸಿದಳು. ಒಂದಾಯ್ತು ಅಂದ ಪಟೇಲ.

ಎರಡನೆಯದಕ್ಕೆ ಒಲೆ ಬೂದಿ ಜರಡಿ ಹಿಡಿದು, ಬೈಗಿನ ಹೊತ್ತು ಏರಿ ಮೇಲಿನ ತೂತು, ಗದ್ದೆ ಬದುವಿನ ತೂತು, ಎಲ್ಲದರ ಬಾಯಿಗೂ ರಂಗೋಲಿ ಹಾಕೋಕೆ ಮುಂಚೆ ಸಾರಿಸ್ತೀವಲ್ಲ ಹಂಗೆ ಬೂದಿ ಹರವಿ ಬಂದಳು. ಬೆಳಗ್ಗೆ ಹೋಗಿ ನೋಡಿದರೆ, ಮೇಲಿನ ತೂತಿನ ಮುಂದೆ ಇಲಿ ಹೆಜ್ಜೆ, ಬಾಲ ಎಳೆದ ಗೆರೆ. ಕೆಳಗೆ ನೀರಿನ ಮಟ್ಟದ ತೂತಿನ ಮುಂದೆ ಅಡ್ಡಡ್ಡ ಗೀಚಿದ ಹಂಗೆ ಏಡಿ ಕಾಲು. ಪೈರು ಕತ್ತರಿಸಿದ ಕತ್ತರಿ ಯಾರ ಕೈಲಿ ಇತ್ತು ಅಂತ ಈಗ ಗೊತ್ತಾಯ್ತಾ? ಏಡಿ ಕೊಂಬಿನಲ್ಲಿ. ಬೇಕಾದ್ರೆ ನಿನ್ನ ಬೆರಳು ಇಟ್ಟು ನೋಡು. ಎರಡಾಯ್ತು ಅಂದ ಪಟೇಲ.

ಮೂರನೆಯದು ನೋಡು ಕಷ್ಟ. ಏಡಿ, ಇಲಿ ಯಾವ ಕಾಲದಲ್ಲೂ ಇದ್ದವು. ಅಪ್ಪನ ಕಾಲದಲ್ಲಿ ಏರಿ ಸೋರಲಿಲ್ಲ, ಈಗ ಯಾಕೆ ಸೋರ್ತಾ ಐತೆ? ದ್ಯಾವಿಗೆ ಬಗೆಹರೀಲಿಲ್ಲ. ತಲೆ ಕೆಟ್ಟು, ಸುಮ್ಮನೆ ಕೂರೋದು ಯಾಕೆ, ಆ ಗೊಬ್ಬರವನ್ನಾದರೂ ಕೆದರಿ ಹಾಕೋಣ ಅಂತ ತಾನೇ ಕಟ್ಟಿದ ಬೇಲಿ ದಾಟಿ ಗುಂಡಿಗೆ ಗುದ್ದಲಿ ಹಾಕಿದಳು. ಒಣಗಿದ ಹಿಕ್ಕೆ ಒಡೆದು ಒಡೆದು ಬಿತ್ತು. ನೋಡ್ತಾಳೆ, ಒಳಗೆಲ್ಲ ಏಡಿ ಚಿಪ್ಪು! ಏಡಿ ಕಾಲು, ಏಡಿ ಕೊಂಬು, ಗೂಡಿಂದ ಮರಿಗಳ ಬಾಯಿ ತಪ್ಪಿ ಬಿದ್ದವು. ಅವಳು ಗುದ್ದಲಿ ಬಿಸಾಕಿ ಅಲ್ಲೇ ಕೂತುಬಿಟ್ಟಳಂತೆ. ಅಯ್ಯೋ ಶಿವನೇ, ಬೇಲಿ ಕಟ್ಟದೆ ಹೋಗಿದ್ರೆ ನಿಂಗಯ್ಯ ಭಾವ ಹೋದ ವರ್ಷವೇ ಇದನ್ನ ಕೆದರಿ ನೋಡಿರ್ತಿದ್ದನಲ್ಲ, ನಾನೇ ಮುಚ್ಚಿಟ್ಕೊಂಡು ಕೂತೆನಲ್ಲ ಅಂತ ಹಣೆ ಚಚ್ಚಿಕೊಂಡಳು.

ಆಮೇಲೆ ಎರಡು ಮಂಕರಿ ಗೊಬ್ಬರ ಜವರನ ತಲೆ ಮೇಲೆ ಹೊರಿಸಿ, ಜರಡಿ ತಾನು ಹಿಡ್ಕೊಂಡು, ಸೀದಾ ಪಟೇಲನ ಜಗುಲಿಗೆ ಹೋಗಿ ಸುರಿದಳು. ಜನ ಮೂಗು ಮುಚ್ಕೊಂಡರು. ಪಟೇಲನ ಹೆಂಡತಿ ಒಳಗಿಂದ ಪೊರಕೆ ಹಿಡ್ಕೊಂಡು ಬಂದಳು. ದ್ಯಾವಿ ಯಾರನ್ನೂ ಲೆಕ್ಕಕ್ಕೆ ತಗೊಳ್ಳದೆ ಜರಡಿ ಆಡಿಸಿ, ಚಿಪ್ಪೆಲ್ಲ ಒಂದು ಕಡೆ ಗುಡ್ಡೆ ಹಾಕಿ, ನೋಡಿ ಸ್ವಾಮಿ, ಏಡಿನ ಹದ್ದುಬಸ್ತಿನಲ್ಲಿ ಇಟ್ಟಿದ್ದವರು ಕೊಕ್ಕರೆಗಳೇ ಅಂದಳು.

ಮೊಗಣ್ಣ ಬಿಡ್ತಾನಾ? ಬಗ್ಗಿ ಅದೇ ಗುಡ್ಡೆಯಿಂದ ಮೀನು ಮುಳ್ಳು ಆರಿಸಿ ಎತ್ತಿ ಹಿಡಿದು, ಇದೇನಮ್ಮ, ಇದೂ ಏಡಿನಾ ಅಂದ. ಮುಳ್ಳೂ ಬೇಕಾದಷ್ಟು ಇತ್ತು, ಸುಳ್ಳು ಯಾಕೆ ಹೇಳಲಿ. ಕೊಕ್ಕರೆ ಮೀನು ತಿನ್ನಲ್ಲ ಅಂತ ಯಾರು ಹೇಳಿದರು? ದ್ಯಾವಿ, ತಿಂದವೆ ಭಾವ, ನಿಮ್ಮ ಮೀನೇ ತಿಂದವೆ. ಹೋದ ವರ್ಷದವರೆಗೂ ಅವು ತಿಂದು ಮಿಕ್ಕಿದ್ದು ನಿಮ್ಮ ಬಲೇಲಿ ಎಷ್ಟಿತ್ತು? ಈ ವರ್ಷ ಅವು ಒಂದೂ ತಿಂದಿಲ್ಲ, ಬಲೇಲಿ ಎಷ್ಟೈತೆ ಅಂತ ಕೇಳಿದಳು.

ಮೊಗಣ್ಣ ಆ ಮುಳ್ಳನ್ನ ಮೆಲ್ಲಗೆ ಗುಡ್ಡೆಗೇ ವಾಪಸ್ ಹಾಕಿದನಂತೆ. ಕೊಕ್ಕರೆ ಕೆರೆ ಮೇಲೆ ಹಾರಾಡುವಾಗ ನೀರಿಗೂ ಒಂದಷ್ಟು ಹಿಕ್ಕೆ ಬೀಳೋದು, ಅದರಿಂದ ನೀರಲ್ಲಿ ಹಸಿರು ಪಾಚಿ ಏಳೋದು, ಪಾಚಿ ತಿಂದು ಮರಿಮೀನು ಬೆಳೆಯೋವು. ಅದೂ ಈಗ ಇಲ್ಲ. ಏಡಿ ಹೆಚ್ಚಿ ಮೀನಿನ ಮೊಟ್ಟೆನೂ ಬಿಡಲಿಲ್ಲ, ನೀರೂ ಸೋರಿ ಹೋಯ್ತು. ಮೀನು ಎಲ್ಲಿಂದ ಬರಬೇಕು ಹೇಳು.

ಆಗ ನಿಂಗಯ್ಯ ಮೆಲ್ಲಗೆ, ಇಲಿ ವಿಚಾರ ಏನು ಅಂದ. ಅದನ್ನ ನೀವೇ ಹೇಳಬೇಕು ಭಾವ, ಹಾವು ಹೊಡೆದ ಮೇಲೆ ನಿಮ್ಮ ಹಸು ಎಷ್ಟು ಹಾಲು ಹೆಚ್ಚು ಕೊಡ್ತು ಅಂತ ದ್ಯಾವಿ ಕೇಳಿದಳು. ನಿಂಗಯ್ಯನ ಹೆಂಡತಿ ಚಲುವಿ ಗುಂಪಿನ ಹಿಂದಿನಿಂದ, ಹಾಲು ಕುಡೀತಿದ್ದಿದ್ದು ನಮ್ಮ ಕರುನೇ ಕಣವ್ವ, ಹಗ್ಗ ಕಿತ್ಕೊಂಡು ಹೋಗಿ ಕುಡಿಯೋದನ್ನ ಮೊನ್ನೆ ನಾನೇ ಕಂಡೆ, ಇವರು ಹೊಡೆದ ಹಾವು ಬಾಯಿಂದ ಇಲಿ ಕಕ್ಕಿ ಸತ್ತಿತ್ತು, ಹೇಳಿದ್ರೆ ಎಲ್ಲಿ ಬೈತಾರೋ ಅಂತ ಸುಮ್ಮನಿದ್ದೆ ಅಂದುಬಿಟ್ಟಳು. ಜನ ಘೊಳ್ ಅಂತ ನಕ್ಕರು. ನೀನೂ ನಕ್ಕೆಯಾ? ನಗು. ಆದರೆ ಹಾವು ಸತ್ತಿದ್ದು ಸತ್ತಿದ್ದೇ.

ಪಟೇಲ ನಗಲಿಲ್ಲ. ನೀನು ಹೇಳೋದು ಸರಿಯಾಗೇ ಐತೆ ದ್ಯಾವವ್ವ, ಆದರೆ ಹದ್ದುಬಸ್ತಿನಲ್ಲಿ ಇಡೋರು ಇವರು ಅಂತ ಚಿಪ್ಪು ತೋರಿಸಿದೆ, ಅವರನ್ನೇ ತೋರಿಸಲಿಲ್ಲ. ಹಕ್ಕಿ ಎಲ್ಲಿ? ಹಕ್ಕಿ ಇಲ್ಲದ ಮೇಲೆ ಏರಿ ಸೋರೋದಂತೂ ನಿಲ್ಲಲ್ಲ. ಸೋರೋ ಏರಿಗೆ ದಿಮ್ಮಿ ಬೇಕೇ ಬೇಕು. ಮಾತು ಮಾತೇ ತಾಯಿ, ಶಿವರಾತ್ರಿವರೆಗೂ ಕಾಯ್ತೀನಿ ಅಂದ. ಅವನೂ ಕೆಟ್ಟವನೇನಲ್ಲ, ಊರು ಉಳಿಸಬೇಕಲ್ಲ.

ಅಲ್ಲಿಂದ ಶಿವರಾತ್ರಿವರೆಗೂ ಆ ಊರಿನಲ್ಲಿ ಕೆಲಸವೋ ಕೆಲಸ. ದ್ಯಾವಿ ಮೊದಲು ಹೋಗಿ ತನ್ನ ಬೇಲಿ ತಾನೇ ಕಿತ್ತು ಹಾಕಿ, ಭಾವ, ಗೊಬ್ಬರ ಹೊತ್ಕೊಂಡು ಹೋಗಿ, ಭತ್ತ ಗಿತ್ತ ಏನೂ ಬೇಡ, ನಾನು ಮಾಡಿದ್ದು ತಪ್ಪಾಯ್ತು ಅಂತ ನಿಂಗಯ್ಯನಿಗೆ ಹೇಳಿದಳು. ನಿಂಗಯ್ಯ ದೊಣ್ಣೆ ಮುರಿದು ಒಲೆಗೆ ಹಾಕಿದ. ಊರಿನವರೆಲ್ಲ ಸೇರಿ ಕೈಯಲ್ಲಿ ಏಡಿ ಹಿಡಿದು ಹಿಡಿದು, ದಿನಾ ಏಡಿ ಸಾರು, ಬೆಳಗ್ಗೆ ಏಡಿ ಸಾರು, ಸಂಜೆ ಏಡಿ ಸಾರು, ಕೊನೆಗೆ ಏಡಿ ಅಂದ್ರೆ ಓಕರಿಕೆ ಬರೋ ಹಂಗಾಯ್ತಂತೆ. ಎಷ್ಟು ಹಿಡಿದರೂ ಮಾರನೇ ದಿನಕ್ಕೆ ಅಷ್ಟೇ ಏಡಿ. ತೂತು ಮುಚ್ಚಿದಲ್ಲೇ ಇಲಿ ಇನ್ನೊಂದು ತೋಡೋದು. ಕೊಕ್ಕರೆಯಷ್ಟು ತಿನ್ನೋಕೆ, ಹಾವಿನಷ್ಟು ಬಿಲಕ್ಕೆ ನುಗ್ಗೋಕೆ ನಮ್ಮ ಕೈಲಿ ಆಗುತ್ತಾ?

ಮೊಗಣ್ಣ ಒಬ್ಬ ಇದಕ್ಕೆ ಯಾವುದಕ್ಕೂ ಸೇರಲಿಲ್ಲ. ತಮಟೆ ಬಡಿಯೋದು ಬಿಟ್ಟಿದ್ದ ನಿಜ, ಬಡಿಯೋಕೆ ಹಕ್ಕಿಯೇ ಇರಲಿಲ್ಲ. ಬೆಳಗಾದರೆ ಏರಿ ಮೇಲೆ ಹೋಗಿ ಕೂತು ನೀರು ನೋಡ್ತಿದ್ದನಂತೆ. ಸಾಕಮ್ಮ ಊಟಕ್ಕೆ ಕರೆದರೂ ಏಳ್ತಿರಲಿಲ್ಲವಂತೆ.

ಶಿವರಾತ್ರಿ ಬಂತು. ದ್ಯಾವಿ ಉಪವಾಸ ಇದ್ದು ಎದ್ದು ಆಕಾಶ ನೋಡಿದಳು. ಇಲ್ಲ.

ಮಾರನೇ ದಿನ ಬೆಳಗ್ಗೆ ಮರ ಕಡಿಯೋನು ಕೊಡಲಿ ಮಸೆದು ತಂದ. ಪಟೇಲ ಬಂದ, ಊರಿನವರು ಬಂದರು, ಅಣ್ಣತಮ್ಮಂದಿರು ಬಂದರು. ದ್ಯಾವಿ ಅಡ್ಡ ಬರಲಿಲ್ಲ. ಮಾತು ಕೊಟ್ಟಿದ್ದಳಲ್ಲ. ಮರದ ಬುಡದಲ್ಲಿ ಬಿದ್ದಿದ್ದ ಹುಣಸೆಹಣ್ಣು ಒಂದೊಂದೇ ಆರಿಸಿ ಮಡಿಲಿಗೆ ಹಾಕ್ಕೊಳ್ತಾ ಇದ್ದಳು. ಕಣ್ಣಲ್ಲಿ ನೀರು ಧಾರೆ ಧಾರೆ, ಹಣ್ಣು ಕಾಣದೆ ಕಲ್ಲು ಕೂಡ ಆರಿಸಿಕೊಂಡಳಂತೆ. ಜವರ ಅವಳ ಪಕ್ಕ ಬಗ್ಗಿ ತಾನೂ ಆರಿಸಿದ. ಪಟೇಲ, ಸುರು ಮಾಡಪ್ಪ ಅಂದ. ಮರ ಕಡಿಯೋನು ಅಂಗೈಗೆ ಉಗುಳಿಕೊಂಡು ಕೊಡಲಿ ಎತ್ತಿದ.

ಅಷ್ಟರಲ್ಲಿ ಯಾರದೋ ನೆರಳು ನೆಲದ ಮೇಲೆ ಸರ್ ಅಂತ ಹೋಯ್ತು. ಎಲ್ಲರೂ ತಲೆ ಎತ್ತಿದರು. ಒಂದೇ ಒಂದು ಕೊಕ್ಕರೆ! ಮರದ ಸುತ್ತ ಸುತ್ತಿತು. ಕೆಳಗೆ ಇಷ್ಟು ಜನ, ಕೂರೋಕೆ ಭಯ. ಇನ್ನೊಂದು ಸುತ್ತು ಬಂತು. ಆಮೇಲೆ ಮರ ಬಿಟ್ಟು ಕೆರೆ ಕಡೆ ತಿರುಗಿ, ರೆಕ್ಕೆ ಅಗಲಿಸಿ, ಕಾಲು ಇಳಿಬಿಟ್ಟು ಕೆರೆ ಅಂಚಿಗೆ ಇಳೀತು. ಕಾಲೆತ್ತಿ ಕಾಲಿಟ್ಟು ನಡೀತು. ಊರಿನವರೆಲ್ಲ, ಏಡಿ ಹಿಡೀಲಿ ತಾಯಿ, ಏಡಿ ಹಿಡೀಲಿ ಅಂತ ಮನಸ್ಸಲ್ಲೇ ಹೇಳ್ಕೊಂಡರಂತೆ. ದ್ಯಾವಿ ಕೈ ಮುಗಿದೇ ನಿಂತಿದ್ದಳು.

ಅದು ಲಬಕ್ ಅಂತ ಕೊಕ್ಕು ಹಾಕ್ತು. ಎತ್ತಿತು. ಕೊಕ್ಕಲ್ಲಿ ಏಡಿ ಅಲ್ಲ. ಮೀನು! ಅದೂ ಇಷ್ಟು ದಪ್ಪದ್ದು, ಆ ಕೆರೆಯಲ್ಲಿ ಉಳಿದಿದ್ದ ಅಷ್ಟೋ ಇಷ್ಟೋ ಮೀನಿನಲ್ಲಿ ಒಂದು, ಬಿಸಿಲಿಗೆ ಫಳ ಫಳ ಅಂತ ಒದ್ದಾಡ್ತಾ ಇತ್ತು.

ಮುಗೀತು ಅಂದ್ಕೊಂಡಳು ದ್ಯಾವಿ. ಎಲ್ಲರೂ ಮೊಗಣ್ಣನ ಕಡೆ ತಿರುಗಿದರು. ಮೊಗಣ್ಣ ಏರಿ ಮೇಲೆ ನಿಂತಿದ್ದ. ಅವನ ಮೀನು, ಅವನ ಕಣ್ಣ ಮುಂದೆ. ಅವನ ಬಾಯಿ ತೆರೀತು, ಕೂಗ್ತಾನೆ ಅಂತ ಸಾಕಮ್ಮ ಕಣ್ಣು ಮುಚ್ಚಿಕೊಂಡಳು. ಕೊಕ್ಕರೆ ಕತ್ತು ಮೇಲೆತ್ತಿ ಮೀನು ಒಳಕ್ಕೆ ಬಿಟ್ಕೊಂಡಿತು. ಗಂಟಲಲ್ಲಿ ಉಂಡೆ ಇಳಿಯೋದು ಕಾಣಿಸ್ತು.

ಆ ಹೊತ್ತಿಗೆ ಮರ ಕಡಿಯೋನು ಏನು ಮಾಡಬೇಕು ತಿಳೀದೆ ಕೊಡಲಿನ ನೆಲಕ್ಕೆ ಠಣ್ ಅಂತ ಇಟ್ಟ. ಕೊಕ್ಕರೆ ಬೆಚ್ಚಿ ರೆಕ್ಕೆ ಬಿಚ್ಚಿತು. ತಕ್ಷಣ ಮೊಗಣ್ಣ ಅವನ ಕಡೆ ತಿರುಗಿ, ಆ ಗಟ್ಟಿ ಗಂಟಲಿನವನು, ಪಿಸುಗುಟ್ಟಿದನಂತೆ. ಸದ್ದು ಮಾಡಬೇಡ ಕಣಪ್ಪ, ಅದು ಊಟ ಮಾಡ್ತಾ ಐತೆ.

ಕೊಕ್ಕರೆ ರೆಕ್ಕೆ ಮಡಚಿ ಮತ್ತೆ ನೀರಿಗೆ ಕೊಕ್ಕು ಹಾಕ್ತು. ಈ ಸಲ ಏಡಿ ಬಂತೋ, ಇನ್ನೊಂದು ಮೀನು ಬಂತೋ, ನೋಡಿದೋರು ಯಾರೂ ನೆನಪಿಟ್ಕೊಳ್ಳಲಿಲ್ಲ. ಮೊಗಣ್ಣ ಅಲ್ಲೇ ಕುಕ್ಕರಗಾಲಲ್ಲಿ ಕೂತು, ಹೆಗಲ ಮೇಲಿನ ವಸ್ತ್ರ ಮುಖಕ್ಕೆ ಒತ್ಕೊಂಡು ಅತ್ತನಂತೆ. ಪಟೇಲ ಮರ ಕಡಿಯೋನ ಭುಜ ತಟ್ಟಿ, ಮೂರಾಯ್ತು ಬಾ ಹೋಗೋಣ ಅಂದ.

ಆಮೇಲೆ ಏನಾಯ್ತು ಅಂದ್ರೆ, ಆ ವಾರದಲ್ಲೇ ಇನ್ನೂ ಒಂದಷ್ಟು ಕೊಕ್ಕರೆ ಬಂದವು, ಮೊದಲಿನಷ್ಟಲ್ಲ. ಏರಿ ತೂತುಗಳನ್ನ ಊರಿನವರೇ ಗೋಡುಮಣ್ಣು ತುಳಿದು ತುಳಿದು ಮುಚ್ಚಿದರು. ಬದುವಿಗೆ ಕೇರೆ ಹಾವು ಎಲ್ಲಿಂದಲೋ ಮತ್ತೆ ಬಂದು ಸೇರಿಕೊಂಡಿತು, ನಿಂಗಯ್ಯನಿಗೆ ಭಯವೇನೂ ಹೋಗಲಿಲ್ಲ, ಕಂಡರೆ ಗದ್ದೆಗೆ ಇಳಿದು ದಾರಿ ಬಿಡ್ತಿದ್ದನಂತೆ. ಮೀನು ಹೆಚ್ಚೋಕೆ ಎರಡು ಮಳೆಗಾಲ ಹಿಡೀತು. ಅಣ್ಣತಮ್ಮಂದಿರು ಒಂದೇ ಒಲೆಗೆ ಬರಲಿಲ್ಲ, ಒಲೆ ಮೂರಾಗಿದ್ದು ಮೂರೇ ಉಳೀತು, ಅದಕ್ಕೇನು ಮಾಡೋಕಾಗಲ್ಲ. ಆದರೆ ಕೆರೆ, ಗದ್ದೆ, ಮರದ ಪಾಲುಪಟ್ಟಿ ಮಾತು ಮಾತ್ರ ಯಾರೂ ಎತ್ತಲಿಲ್ಲ. ಬಲೆ ಎತ್ತಿದ ದಿನ ಮೂರು ಮನೆಗೂ ಮೀನು, ಭತ್ತ ಬಡಿದ ದಿನ ಮೂರು ಮನೆಗೂ ಭತ್ತ, ಗೊಬ್ಬರ ಬೇಕಾದವರು ಬಂದು ತಗೊಂಡು ಹೋಗೋದು. ದ್ಯಾವಿಗೂ ಮಕ್ಕಳಾದವು, ಮೊಮ್ಮಕ್ಕಳಾದವು, ಮೂರು ಮನೆಯವರೂ ಸುಖವಾಗಿದ್ದರಂತೆ.

ಎಲ್ಲಿ, ಹೂಂ ಎಲ್ಲಿ? ಮಲಗಿಬಿಟ್ಯಾ? ಮಲಕೊ ಮಲಕೊ. ಕತೆನೂ ಮುಗೀತು, ನನಗೂ ನಿದ್ದೆ ಬಂತು.